ಕಷ್ಟ ತಾನಾಗಿ ಕಲಿಸುವುದಿಲ್ಲ

2025 ಮುಗಿಯುತ್ತ ಬಂತು. ಜಹೀರಾಬಾದ, ನಾರಾಯಣಖೇಡ, ತಾಂಡೂರು ಸೀಮೆಯ ಕ್ರೈಸ್ತ ಸಭೆಗಳಿಗೆ ಹಿಂದಿರುಗಿ ನೋಡಲು ಈ ಸಲ ಕಾರಣಗಳು ಬೇಕಾದಷ್ಟಿವೆ. ಬರದ ಕಾಲದಲ್ಲಿ ಎದ್ದ ಮೆದಕಿನ ದೊಡ್ಡ ಗುಡಿಗೆ ಕಳೆದ ಕ್ರಿಸ್ಮಸ್ಸಿಗೆ ನೂರು ವರ್ಷ ತುಂಬಿತು. ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಗಳ ಪಟ್ಟಿಯ ಹೊರಗಿಟ್ಟ ರಾಷ್ಟ್ರಪತಿ ಆದೇಶಕ್ಕೆ ಈ ಆಗಸ್ಟ್ 10ರಂದು ಎಪ್ಪತ್ತೈದಾಯಿತು. ಬರುವ ನವೆಂಬರ್ 1ಕ್ಕೆ ಈ ಮೂರು ಊರುಗಳು ಬೀದರ ಮತ್ತು ಗುಲ್ಬರ್ಗ ಜಿಲ್ಲೆಗಳಿಂದ ಬೇರ್ಪಟ್ಟು ಎಪ್ಪತ್ತು ವರ್ಷವಾಗುತ್ತದೆ. ಒಂದು ಹಸಿವಿನ ನೆನಪು, ಇನ್ನೊಂದು ಅನ್ಯಾಯದ್ದು, ಮತ್ತೊಂದು ಗಡಿಯದ್ದು. ಇವೆಲ್ಲವನ್ನೂ ಹಾದು ಬಂದ ಜನ ಆತ್ಮಿಕವಾಗಿ ಬೆಳೆದಿದ್ದಾರೆಯೆ, ಬೆಳೆದಿದ್ದರೆ ಯಾವುದರಲ್ಲಿ ಎಂದು ಕೇಳಿಕೊಳ್ಳುವುದಕ್ಕೆ ಇದು ಸರಿಯಾದ ಹೊತ್ತು.

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳಲು ಎದ್ದು ನಿಂತವರು ಬಹುಮಟ್ಟಿಗೆ ಒಂದೇ ದಾರಿಯಲ್ಲಿ ಮಾತು ನಡೆಸುತ್ತಾರೆ. ಕಾಯಿಲೆ ಬಂತು, ಸಾಲ ಬಂತು, ಮಗ ದಾರಿ ತಪ್ಪಿದ. ಆ ಕಷ್ಟವೇ ನನ್ನನ್ನು ಕರ್ತನ ಹತ್ತಿರ ತಂದಿತು ಎನ್ನುತ್ತಾರೆ. ಹೇಳುವವರ ಗಂಟಲು ಕಟ್ಟಿರುತ್ತದೆ, ಕೇಳುವವರ ಕಣ್ಣು ತುಂಬಿರುತ್ತದೆ. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದೇ ಕಾಯಿಲೆ, ಅದೇ ಸಾಲ ಎಷ್ಟೋ ಜನರನ್ನು ಸಭೆಯಿಂದ ದೂರ ಮಾಡಿದೆ, ಕುಡಿತಕ್ಕೆ ಹಚ್ಚಿದೆ, ಮನಸ್ಸನ್ನು ಕಲ್ಲು ಮಾಡಿದೆ. ಅವರು ಸಾಕ್ಷಿ ಹೇಳಲು ಬರುವುದಿಲ್ಲ, ಹಾಗಾಗಿ ಅವರ ಕತೆ ನಮ್ಮ ಕಿವಿಗೆ ಬೀಳುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಸಂಕಟದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವತೆ, ಪಕ್ವತೆಯಿಂದ ನಿರೀಕ್ಷೆ ಎಂದು ಮೆಟ್ಟಿಲು ಕಟ್ಟುತ್ತಾನೆ. ಆದರೆ ಅವನು ಅದನ್ನು ಬರೆದದ್ದು ಒಂಟಿ ಮನುಷ್ಯನಿಗಲ್ಲ, ಒಂದು ಸಭೆಗೆ. ಒಬ್ಬರ ಭಾರ ಇನ್ನೊಬ್ಬರು ಹೊರುವ ಕಡೆ ಆ ಮೆಟ್ಟಿಲು ಏರಲಾಗುತ್ತದೆ. ಯಾರೂ ಜೊತೆಗಿಲ್ಲದ ಕಡೆ ಸಂಕಟ ಬರಿಯ ಸಂಕಟವಾಗಿಯೇ ಉಳಿಯುತ್ತದೆ. ಈ ಸೀಮೆಯ ನೂರು ವರ್ಷಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಇದೇ ನಿಜವೆಂದು ನಮಗೆ ತೋರುತ್ತದೆ.

ಮೊದಲು ಹಸಿವಿನ ಮಾತು. ವೆಸ್ಲಿಯನ್ ಮಿಷನರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಮೆದಕಿನಲ್ಲಿ ಗುಡಿ ಕಟ್ಟಿಸಲು ಶುರು ಮಾಡಿದ್ದು 1914ರಲ್ಲಿ. ಪ್ರತಿಷ್ಠೆಯಾದದ್ದು 1924ರ ಡಿಸೆಂಬರ್ 25ರಂದು. ಆ ಹತ್ತು ವರ್ಷಗಳೊಳಗೆ ಒಂದು ಮಹಾಯುದ್ಧ, ಒಂದು ಇನ್‌ಫ್ಲುಯೆಂಜಾ, ಅದರ ಮೇಲೆ ಬರ. ಹೊಲ ಬಿಟ್ಟು ಕೂತ ಜನ ಕಲ್ಲು ಹೊತ್ತರು, ಸುಣ್ಣ ಅರೆದರು, ದಿನದ ಊಟ ಸಂಪಾದಿಸಿದರು. 173 ಅಡಿ ಎತ್ತರದ ಆ ಗೋಪುರದ ಚೆಲುವನ್ನು ನೋಡಲು ಈಗ ಪ್ರವಾಸಿಗರು ಬರುತ್ತಾರೆ. ನಾವು ಅದನ್ನು ನೋಡಬೇಕಾದದ್ದು ಬೇರೆ ರೀತಿಯಲ್ಲಿ. ಹಸಿದವನ ಕೈಗೆ ಭಿಕ್ಷೆ ಹಾಕದೆ ಕೆಲಸ ಕೊಟ್ಟು, ಅವನ ಬೆವರಿನಿಂದಲೇ ದೇವರಿಗೆ ಮನೆ ಕಟ್ಟಿಸಿದ ಜಾಗ ಅದು. ಊರ ಹೊರಗೆ ಇರಬೇಕಾಗಿದ್ದವರು ಊರಿಗೇ ದೊಡ್ಡದಾದ ಕಟ್ಟಡವನ್ನು ತಮ್ಮ ಕೈಯಿಂದ ಎಬ್ಬಿಸಿ, ಒಳಗೆ ಹೋಗಿ ಕೂತರು.

ಅದೇ ಕಾಲದಲ್ಲಿ ವಿಕಾರಾಬಾದ, ಬೀದರ, ಜಹೀರಾಬಾದ, ತಾಂಡೂರು ಕಡೆ ಮೆಥೊಡಿಸ್ಟರ ಕೆಲಸ ಹಳ್ಳಿಹಳ್ಳಿಗೆ ಹಬ್ಬಿತು. ಮಾದಿಗ, ಹೊಲೆಯ ಕೇರಿಗಳು ಇಡಿಯಾಗಿ ಕ್ರಿಸ್ತನ ಕಡೆ ತಿರುಗಿದವು. ಒಬ್ಬೊಬ್ಬರಾಗಿ ಬಂದವರು ಕಡಿಮೆ. ಕುಲದ ಹಿರಿಯರು ಕೂತು ಮಾತಾಡಿ, ಇಡೀ ಕೇರಿಗೆ ಕೇರಿಯೇ ದೀಕ್ಷಾಸ್ನಾನ ಪಡೆಯಿತು. ಹೊಟ್ಟೆಪಾಡಿಗೆ ಕ್ರೈಸ್ತರಾದವರು ಎಂಬ ಚುಚ್ಚುಮಾತನ್ನು ಆ ಜನ ಅಂದಿನಿಂದ ಇಂದಿನವರೆಗೂ ಕೇಳುತ್ತಲೇ ಬಂದಿದ್ದಾರೆ. ಇದಕ್ಕೆ ನಮ್ಮ ಉತ್ತರ ಅಳುಕಿನದಾಗಬೇಕಿಲ್ಲ. ಹಸಿದವನು ಅನ್ನ ಸಿಗುವ ಕಡೆ ಬಂದರೆ ಅದರಲ್ಲಿ ನಾಚಿಕೆ ಏನಿದೆ? ಯೇಸುವಿನ ಹಿಂದೆ ಗುಡ್ಡ ಹತ್ತಿದ ಐದು ಸಾವಿರ ಜನರಿಗೂ ಹಸಿವಾಗಿತ್ತು. ಕೇಳಬೇಕಾದ ಪ್ರಶ್ನೆ ಒಂದೇ: ಬರ ಮುಗಿದ ಮೇಲೆ ಅವರು ಉಳಿದರೆ? ಉಳಿದರು. ಧಾನ್ಯ ನಿಂತ ಮೇಲೂ, ಮಿಷನರಿಗಳು ಹಡಗು ಹತ್ತಿದ ಮೇಲೂ, 1948ರ ಸೆಪ್ಟೆಂಬರಿನಲ್ಲಿ ನಿಜಾಮನ ರಾಜ್ಯವೇ ಮುಗಿದ ಮೇಲೂ ಉಳಿದರು. ವಿಕಾರಾಬಾದಿಗೂ ತಾಂಡೂರಿಗೂ ನಡುವಿನ ಧಾರೂರಿನಲ್ಲಿ ಪ್ರತಿ ನವೆಂಬರಿನಲ್ಲಿ ಮೆಥೊಡಿಸ್ಟ್ ಕ್ರೈಸ್ತರ ಜಾತ್ರೆ ನಡೆಯುತ್ತದೆ. ತೆಲಂಗಾಣದಿಂದ, ಬೀದರ-ಕಲಬುರಗಿಯಿಂದ, ಮಹಾರಾಷ್ಟ್ರದ ಅಂಚಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಬಂದು, ಡೇರೆ ಹಾಕಿ, ಮೂರು ಕಲ್ಲಿಟ್ಟು ಒಲೆ ಹೂಡಿ, ದಿನಗಟ್ಟಲೆ ಉಳಿದು ಹಾಡುತ್ತಾರೆ. ಹಸಿವಿಗೆ ಬಂದವರ ಮೊಮ್ಮಕ್ಕಳು ಅಲ್ಲಿ ತಮ್ಮ ಕಾಸಿನಲ್ಲಿ ಅಡುಗೆ ಮಾಡಿ ಪಕ್ಕದ ಡೇರೆಯವರಿಗೂ ಬಡಿಸುತ್ತಾರೆ.

ಬರ ಒಂದು ಜೀವವನ್ನು ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ನಾಡಿನಲ್ಲೇ ಹುಟ್ಟಿದ ಒಬ್ಬ ಹೆಣ್ಣುಮಗಳ ಬಾಳನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಪಂಡಿತಾ ರಮಾಬಾಯಿಯನ್ನು ಮಹಾರಾಷ್ಟ್ರದವರು ಎಂದೇ ಎಲ್ಲರೂ ಎಣಿಸುತ್ತಾರೆ. ಅವರು ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ ಕಾರಣಕ್ಕೆ ತನ್ನವರ ವಿರೋಧ ಕಟ್ಟಿಕೊಂಡ ಮನುಷ್ಯ. ಕುಟುಂಬ ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯಿತು. 1870ರ ದಶಕದ ಮಹಾ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಹಸಿವಿನಿಂದಲೇ ಸತ್ತರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಬರಿಗಾಲಲ್ಲಿ ದೇಶ ಸುತ್ತಿ ಕಲ್ಕತ್ತ ಸೇರಿದರು. 1880ರಲ್ಲಿ ಅಣ್ಣ ಹೋದ. ಮದುವೆಯಾದ ಎರಡೇ ವರ್ಷಕ್ಕೆ, 1882ರಲ್ಲಿ, ಗಂಡ ಬಿಪಿನ್ ಬಿಹಾರಿ ಮೇಧ್ವಿ ಕಾಲರಾಕ್ಕೆ ತುತ್ತಾದ. ಕೈಯಲ್ಲಿ ಹಸುಗೂಸು ಮನೋರಮಾ. ಇಪ್ಪತ್ತನಾಲ್ಕು ತುಂಬುವ ಮೊದಲೇ ಒಬ್ಬ ಮನುಷ್ಯಜೀವಿ ಕಳೆದುಕೊಳ್ಳಬಹುದಾದದ್ದನ್ನೆಲ್ಲ ಅವರು ಕಳೆದುಕೊಂಡಾಗಿತ್ತು.

ಇಷ್ಟೆಲ್ಲ ಆದರೂ ಅವರು ಕೂಡಲೇ ನಂಬಿಕೆಯಲ್ಲಿ ನೆಲೆ ನಿಲ್ಲಲಿಲ್ಲ. ಇದನ್ನು ನಾವು ಗಮನಿಸಬೇಕು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನವಾಯಿತು. ಆಗ ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂಬರ್ಥದಲ್ಲಿ ಅವರೇ ಮುಂದೆ ತಮ್ಮ ಸಾಕ್ಷಿಯ ಪುಸ್ತಕದಲ್ಲಿ ಬರೆದುಕೊಂಡರು. ಕ್ರಿಸ್ತನು ಸಿಗುವುದಕ್ಕೆ ಇನ್ನೂ ಎಂಟು ವರ್ಷ ಬೇಕಾಯಿತು. ಆ ಎಂಟು ವರ್ಷ ಅವರು ಸುಮ್ಮನೆ ಕೂತು ಧ್ಯಾನ ಮಾಡಲಿಲ್ಲ. 1889ರಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದು ನಡೆಸಿದರು. 1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿದ್ದಾಗ ಒಳಗಿನ ಹಳೆಯ ಗಾಯ ಮಾತಾಡಿತು. ಹಸಿದು ಬಿದ್ದ ಹೆಣ್ಣುಮಕ್ಕಳ ನಡುವೆ ಹೋಗಿ ನೂರಾರು ಮಂದಿಯನ್ನು ಪುಣೆಯ ಹತ್ತಿರದ ಕೇಡ್‌ಗಾಂವಿಗೆ ಕರೆತಂದರು. 1900ರ ಗುಜರಾತಿನ ಬರದಲ್ಲೂ ಹಾಗೆಯೇ. ಮುಕ್ತಿ ಮಿಷನ್ ಬೆಳೆದದ್ದು ಹೀಗೆ. ಅಪ್ಪ ಅಮ್ಮನನ್ನು ಬರದಲ್ಲಿ ಮಣ್ಣು ಮಾಡಿದ ಮಗಳು ಬರದಲ್ಲಿ ಬಿದ್ದ ಸಾವಿರಕ್ಕೂ ಮೀರಿದ ಹೆಣ್ಣುಮಕ್ಕಳಿಗೆ ತಾಯಿಯಾದಳು. ಅಲ್ಲಿನ ಹೆಂಗಸರೇ ಅಚ್ಚಿನಮನೆ ನಡೆಸಿದರು, ರಮಾಬಾಯಿ ಮಾಡಿದ ಮರಾಠಿ ಬೈಬಲ್ ಅನುವಾದವನ್ನು ಅವರೇ ಮೊಳೆ ಜೋಡಿಸಿ ಮುದ್ರಿಸಿದರು.

ಈ ಕತೆ ನಮ್ಮ ಸೀಮೆಗೂ ಮುಟ್ಟುತ್ತದೆ. 1912ರ ಹೊತ್ತಿಗೆ ರಮಾಬಾಯಿ ಮತ್ತು ಮಗಳು ಮನೋರಮಾ ಗುಲ್ಬರ್ಗದಲ್ಲಿ ಒಂದು ಕ್ರೈಸ್ತ ಪ್ರೌಢಶಾಲೆ ತೆರೆದರು. ಆ ಕಾಲಕ್ಕೆ ತಾಂಡೂರು, ಕೊಡಂಗಲ್ ಎರಡೂ ಗುಲ್ಬರ್ಗ ಜಿಲ್ಲೆಗೇ ಸೇರಿದ್ದವು. ಹುಡುಗಿಯ ಕೈಗೆ ಪಾಟಿ ಕೊಡುವುದೇ ಅಪರೂಪವಾಗಿದ್ದ ನಿಜಾಮನ ರಾಜ್ಯದ ಈ ಮೂಲೆಗೆ ಆ ತಾಯಿಮಗಳು ಹುಡುಕಿಕೊಂಡು ಬಂದರು. 1921ರಲ್ಲಿ ಮನೋರಮಾ ತೀರಿಕೊಂಡರು, ಮರು ವರ್ಷ ರಮಾಬಾಯಿ. ಕಷ್ಟ ರಮಾಬಾಯಿಯನ್ನು ಬೆಳೆಸಿತು ಎನ್ನುವುದಕ್ಕಿಂತ, ತನ್ನ ಕಷ್ಟವನ್ನು ಅವರು ಇನ್ನೊಬ್ಬರ ಬಾಗಿಲಿಗೆ ಹೋಗುವ ದಾರಿ ಮಾಡಿಕೊಂಡರು ಎನ್ನುವುದು ಸರಿ. ಅವರ ಬಾಳಿನಲ್ಲಿ ನಂಬಿಕೆ ಆಳವಾದದ್ದು ಆ ದಾರಿ ತುಳಿಯುತ್ತಿದ್ದಾಗ.

ಇನ್ನು ಗಡಿ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಹಂಚಿಕೆಯಾಯಿತು. ಬೀದರ ಜಿಲ್ಲೆಯ ಜಹೀರಾಬಾದ, ನಾರಾಯಣಖೇಡ ಮತ್ತು ನ್ಯಾಲಕಲ್ ಭಾಗಗಳು, ಗುಲ್ಬರ್ಗ ಜಿಲ್ಲೆಯ ತಾಂಡೂರು, ಕೊಡಂಗಲ್ ಆಂಧ್ರಪ್ರದೇಶಕ್ಕೆ ಹೋದವು. ಈ ಎರಡು ಜಿಲ್ಲೆಗಳಲ್ಲಿ ಉಳಿದದ್ದರ ಬಹುಭಾಗ ಮೈಸೂರು ರಾಜ್ಯಕ್ಕೆ ಬಂತು. 2014ರಲ್ಲಿ ತೆಲಂಗಾಣ ಬಂತು, 2016ರಲ್ಲಿ ಸಂಗಾರೆಡ್ಡಿ, ವಿಕಾರಾಬಾದ ಎಂಬ ಹೊಸ ಜಿಲ್ಲೆಗಳು ಬಂದವು. ಒಂದೇ ಜಾಗದಲ್ಲಿ ಕೂತ ಮುದುಕಿಯೊಬ್ಬಳು ನಿಜಾಮನ ಪ್ರಜೆಯಾಗಿ ಹುಟ್ಟಿ, ಆಂಧ್ರದವಳಾಗಿ ಬಾಳಿ, ತೆಲಂಗಾಣದವಳಾಗಿ ಮಣ್ಣಾದಳು. ಮನೆಯೊಳಗಿನ ಮಾತು ಕನ್ನಡವಾಗಿಯೇ ಉಳಿಯಿತು, ಮಕ್ಕಳ ಶಾಲೆ ತೆಲುಗಾಯಿತು, ಸಂತೆಯಲ್ಲಿ ದಖನಿ ಉರ್ದು ನಡೆಯಿತು. ಸಭೆಯ ಆಡಳಿತವೂ ಇಬ್ಭಾಗ: ಇಂದು ಬೀದರದ ಮೆಥೊಡಿಸ್ಟ್ ಸಭೆಗಳು ಬೆಂಗಳೂರಿನ ಕಡೆ ನೋಡಬೇಕು, ಜಹೀರಾಬಾದಿನವು ಹೈದರಾಬಾದಿನ ಕಡೆ. ನಡುವಿನ ದಾರಿ ಒಂದು ಗಂಟೆಯದೂ ಅಲ್ಲ.

ಆರಾಧನೆ ತೆಲುಗಿಗೆ ತಿರುಗಿದಾಗ ಹಿರಿಯರಿಗೆ ಆದ ನೋವನ್ನು ಯಾರೂ ಬರೆದಿಡಲಿಲ್ಲ. 1831ರಲ್ಲಿ ಬಳ್ಳಾರಿಯಲ್ಲಿ ಮೊದಲ ಸಲ ಪೂರ್ತಿಯಾಗಿ ಅಚ್ಚಾದ ಕನ್ನಡ ಬೈಬಲಿನ ಪರಂಪರೆಯಲ್ಲಿ ಓದು ಕಲಿತವರು ಅವರು. ಕೀರ್ತನೆಗಳನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿದವರು. ಪ್ರಸಂಗ ತೆಲುಗಿನಲ್ಲಿ ಕೇಳುತ್ತ, ಕಣ್ಣು ಮುಚ್ಚಿದಾಗ ತುಟಿಯಲ್ಲಿ ಕನ್ನಡದ ಪ್ರಾರ್ಥನೆ ಆಡಿಸುವ ಹಿರಿಯರು ಈ ಊರುಗಳ ಸಭೆಗಳಲ್ಲಿ ಇನ್ನೂ ಇದ್ದಾರೆ. ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಪ್ರವಾದಿ ಕಾಗದ ಬರೆದು, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಬೇಡಿಕೊಳ್ಳಿ ಎಂದು ತಿಳಿಸಿದ. ನಮ್ಮವರು ಸೆರೆ ಹೋದವರಲ್ಲ; ತಾವು ಕದಲದೆ ಇದ್ದಾಗ ಗಡಿಯೇ ಕದಲಿತು. ಆದರೂ ಆ ಕಾಗದದಂತೆಯೇ ನಡೆದುಕೊಂಡರು. ಎರಡು ಭಾಷೆಯಲ್ಲಿ ಹಾಡಲು ಕಲಿತರು, ಸೊಸೆ ತೆಲುಗಿನವಳಾದರೆ ಮನೆಯ ಪ್ರಾರ್ಥನೆಯನ್ನೂ ಎರಡು ಭಾಷೆಯಲ್ಲಿ ಮಾಡಿದರು. ಈ ಎಪ್ಪತ್ತು ವರ್ಷಗಳಲ್ಲಿ ಸಭೆಗಳು ನಿಜವಾಗಿ ಬೆಳೆದ ಒಂದು ಕಡೆ ಎಂದರೆ ಇದು ಎಂದು ಧೈರ್ಯವಾಗಿ ಹೇಳಬಹುದು: ಬದಲಾವಣೆಯನ್ನು ಹಗೆಯಿಲ್ಲದೆ ನುಂಗಿಕೊಂಡರು. ಭಾಷೆಯ ಹೆಸರಲ್ಲಿ ಊರುಗಳು ಸಿಡಿದ ಕಾಲದಲ್ಲೂ ಈ ಜನ ಒಂದೇ ಬೆಂಚಿನ ಮೇಲೆ ಕೂತರು.

ಬೆಳೆಯದೆ ಉಳಿದ ಕಡೆಯನ್ನೂ ಅಷ್ಟೇ ಧೈರ್ಯವಾಗಿ ಹೇಳಬೇಕು. 1950ರ ಆಗಸ್ಟ್ 10ರ ಆದೇಶ ಬಹುಮಟ್ಟಿಗೆ ಹಿಂದೂಗಳನ್ನಷ್ಟೇ ಪರಿಶಿಷ್ಟ ಜಾತಿ ಎಂದು ಒಪ್ಪಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಧರ್ಮದ ಕಟ್ಟು ತೆಗೆಯಿರಿ ಎಂದಿತು. 2022ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಕೈಗೆ ಮತ್ತೆ ಅದೇ ಪ್ರಶ್ನೆ ಕೊಟ್ಟಿತು. 2004ರಿಂದ ಸುಪ್ರೀಂ ಕೋರ್ಟಿನಲ್ಲೂ ಅದೇ ಪ್ರಶ್ನೆ ನಿಂತಿದೆ. ತೆಲಂಗಾಣದಲ್ಲಿ ಕ್ರೈಸ್ತರಾದ ಪರಿಶಿಷ್ಟರಿಗೆ ಹಿಂದುಳಿದ ವರ್ಗಗಳ ‘ಸಿ’ ಗುಂಪಿನಲ್ಲಿ ಶೇ 1ರ ಮೀಸಲಾತಿ ಇದೆ. ಗಡಿ ದಾಟಿ ಬೀದರಕ್ಕೆ ಬಂದರೆ ಅದೇ ಅಣ್ಣತಮ್ಮಂದಿರ ಮಕ್ಕಳಿಗೆ ಪ್ರವರ್ಗವೇ ಬೇರೆ.

ಈ ಕಾಗದಪತ್ರದ ಸಂಗತಿ ಆತ್ಮಿಕ ಬೆಳವಣಿಗೆಯ ಲೇಖನದಲ್ಲಿ ಏಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಜನರ ಆತ್ಮವನ್ನು ಇದಕ್ಕಿಂತ ಹೆಚ್ಚು ಹಿಂಡಿದ ಸಂಗತಿ ಬೇರೊಂದಿಲ್ಲ. ಸಭೆಯ ದಾಖಲೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಭಾನುವಾರ ಸಾಮುವೇಲ, ಸೋಮವಾರ ಸಾಯಿಲು. ತಹಸೀಲ್ದಾರ್ ಕಚೇರಿಯವರು ವಿಚಾರಣೆಗೆ ಬರುತ್ತಾರೆಂದರೆ ಗೋಡೆಯ ಮೇಲಿನ ಶಿಲುಬೆ ಇಳಿಸಿ ಪೆಟ್ಟಿಗೆಗೆ ಹಾಕುವ ಮನೆಗಳಿವೆ. ಮಗುವಿನ ಕಾಲೇಜಿನ ಫೀಸಿಗಾಗಿ ಹಾಗೆ ಮಾಡಿದ ತಾಯಿಯನ್ನು ನಾವು ದೂರಲಾರೆವು. ಅವಳ ಮುಂದೆ ನಿಂತು, ಶೋಧನೆ ತಾಳಿಕೊ, ಪರಲೋಕದಲ್ಲಿ ಪ್ರತಿಫಲ ಇದೆ ಎಂದು ಬೋಧಿಸುವವರನ್ನು ಮಾತ್ರ ದೂರುತ್ತೇವೆ. ಈ ಶೋಧನೆ ದೇವರು ಕಳಿಸಿದ್ದಲ್ಲ, ಮನುಷ್ಯರು ಬರೆದದ್ದು. ಅದನ್ನು ಬದಲಿಸಬೇಕಾದವರೂ ಮನುಷ್ಯರೇ. ಆಗಸ್ಟ್ 10ನ್ನು ದೇಶದ ಬಹಳ ಸಭೆಗಳು ಕಪ್ಪು ದಿನವಾಗಿ ಆಚರಿಸುತ್ತವೆ. ನಮ್ಮ ಹಳ್ಳಿಯ ಸಭೆಗಳಲ್ಲಿ ಆ ದಿನ ಒಂದು ಪ್ರಾರ್ಥನೆ ಕೇಳಿಸುವುದೂ ಅಪರೂಪ. ಎಪ್ಪತ್ತೈದು ವರ್ಷದಲ್ಲಿ ತಾಳ್ಮೆ ಬೆಳೆಸಿಕೊಂಡೆವು, ನ್ಯಾಯ ಕೇಳುವ ನಾಲಿಗೆ ಬೆಳೆಸಿಕೊಳ್ಳಲಿಲ್ಲ. ಅದಕ್ಕೂ ಮುಂಚೆ ನಮ್ಮ ಸಭೆಗಳೊಳಗೇ ಮಾಲ-ಮಾದಿಗ ಎಂಬ ಭೇದ ಮದುವೆ ಮಾತುಕತೆಯಲ್ಲೂ ಕಮಿಟಿ ಚುನಾವಣೆಯಲ್ಲೂ ಸಾಯದೆ ಉಳಿದಿದೆ. ಆಸ್ತಿಯ ವ್ಯಾಜ್ಯಕ್ಕೆ ಕೋರ್ಟು ಹತ್ತುವ ಹುರುಪಿನಲ್ಲಿ ಅರ್ಧದಷ್ಟಾದರೂ ಈ ಭೇದ ಅಳಿಸುವುದಕ್ಕೆ ಇದ್ದಿದ್ದರೆ ಇಂದು ಬರೆಯುವ ಮಾತು ಬೇರೆಯಾಗುತ್ತಿತ್ತು.

ನಾರಾಯಣಖೇಡದ ಕಡೆಗೆ ಹೋಗೋಣ. ಮಳೆ ನಂಬಿದ ಹೊಲ, ಹಿಂಗಾರು ಕೈಕೊಟ್ಟರೆ ಊರು ಖಾಲಿ. ದಸರೆ ಮುಗಿಯುತ್ತಲೇ ಮುಂಗಡ ತೆಗೆದುಕೊಂಡ ಗಂಡಹೆಂಡಿರು ಕಬ್ಬು ಕಡಿಯಲು ಹೊರಡುತ್ತಾರೆ. ಕೆಲವರು ಸಂಗಾರೆಡ್ಡಿ, ನಿಜಾಮಾಬಾದ ಕಡೆ, ಹಲವರು ಗಡಿಯಾಚೆ ಕರ್ನಾಟಕ, ಮಹಾರಾಷ್ಟ್ರಕ್ಕೆ. ತಾಂಡಾದವರು, ಕೇರಿಯವರು, ಎಲ್ಲ ಧರ್ಮದವರೂ ಇದರಲ್ಲಿ ಇದ್ದಾರೆ. ಹೊಲದ ಬದುವಿನಲ್ಲಿ ಗುಡಿಸಲು, ನಸುಕಿನಲ್ಲಿ ಎದ್ದು ಕಡಿತ, ರಾತ್ರಿ ಲಾರಿಗೆ ಹೊರೆ ಏರಿಸುವುದು. ಮರಳುವುದು ಹೋಳಿಯ ಹೊತ್ತಿಗೆ. ಅಂದರೆ ಅವರಲ್ಲಿ ಕ್ರೈಸ್ತರಾದವರಿಗೆ ಕ್ರಿಸ್ಮಸ್ ಬರುವುದು ಕಬ್ಬಿನ ಗದ್ದೆಯಲ್ಲಿ. ಊರಿನ ಸಭೆಯಲ್ಲಿ ಆ ದಿನ ಕೂರುವವರು ಅಜ್ಜಿ, ಅಜ್ಜ, ಅವರ ಬಳಿ ಬಿಟ್ಟುಹೋದ ಮಕ್ಕಳು.

ರೂತಳ ಪುಸ್ತಕವನ್ನು ಈ ಜನರಷ್ಟು ಹತ್ತಿರದಿಂದ ಓದಬಲ್ಲವರು ಇಲ್ಲ. ಬೇತ್ಲೆಹೇಮಿನಲ್ಲಿ ಬರ, ಎಲೀಮೆಲೆಕನ ಮನೆಯವರು ಮೋವಾಬಿಗೆ ಗುಳೆ. ಅಲ್ಲಿ ಗಂಡಸರೆಲ್ಲ ಸತ್ತು, ನೊವೊಮಿ ಬರಿಗೈಯಲ್ಲಿ ಮರಳುವಾಗ ತನ್ನ ಬಾಳು ಕಹಿಯಾಯಿತೆಂದು ಊರವರ ಎದುರಿಗೇ ಹೇಳುತ್ತಾಳೆ. ಯಾರೂ ಅವಳಿಗೆ ನಂಬಿಕೆ ಸಾಲದು ಎನ್ನಲಿಲ್ಲ. ಅವಳ ಕಹಿ ಇಳಿದದ್ದು ಉಪದೇಶದಿಂದಲ್ಲ: ಬಿಟ್ಟುಹೋಗದ ಸೊಸೆಯಿಂದ, ತೆನೆ ಆಯಲು ಹೊಲ ಬಿಟ್ಟುಕೊಟ್ಟ ಬೋವಜನಿಂದ, ಆಮೇಲೆ ಮಡಿಲಿಗೆ ಬಂದ ಮಗುವಿನಿಂದ.

ನಮ್ಮ ಹಳ್ಳಿ ಸಭೆಗಳಲ್ಲಿ ಒಂದು ಹಳೆಯ ರೂಢಿ ಇದೆ. ಅಡುಗೆಗೆ ಕಾಳು ತೆಗೆದಾಗ ಒಂದು ಹಿಡಿ ಬೇರೆ ಮಡಕೆಗೆ ಹಾಕುವುದು. ಮುಂಚೆ ಜೋಳ, ಈಗ ಬಹಳ ಕಡೆ ರೇಷನ್ ಅಕ್ಕಿ. ಮಡಕೆ ಒಲೆಯ ಪಕ್ಕದ ಗೂಡಿನಲ್ಲಿರುತ್ತದೆ. ಸೊಸೆ ಮರೆತರೆ ಅತ್ತೆ ನೆನಪು ಮಾಡುತ್ತಾಳೆ. ಮನೆಯಲ್ಲಿ ಕಾಳು ಕಡಿಮೆ ಇದ್ದ ದಿನ ಹಿಡಿ ಸಣ್ಣದಾಗುತ್ತದೆ, ತಪ್ಪುವುದಿಲ್ಲ. ಭಾನುವಾರ ಅದನ್ನು ಚೀಲಕ್ಕೆ ಸುರಿದು ಗುಡಿಗೆ ಒಯ್ಯುತ್ತಾರೆ. ಆರಾಧನೆ ಮುಗಿದ ಮೇಲೆ ಆ ಕಾಳನ್ನು ಸವಾಲು ಹಾಕಿ ಮಾರುತ್ತಾರೆ, ಇಲ್ಲವೆ ವಿಧವೆಯ ಮನೆಗೆ, ಬಾಣಂತಿಯ ಮನೆಗೆ ಕಳಿಸುತ್ತಾರೆ. ಸುಗ್ಗಿ ಹಬ್ಬದ ದಿನವಂತೂ ಕುಂಬಳಕಾಯಿ, ತೊಗರಿಯ ಕಟ್ಟು, ಕಾಲು ಕಟ್ಟಿದ ಕೋಳಿ ಎಲ್ಲ ಬಲಿಪೀಠದ ಮುಂದೆ ಬಂದು ಬೀಳುತ್ತವೆ. ಗುಳೆ ಹೋದವರ ಮನೆಯ ಅಜ್ಜಿಯೂ ಆ ಮಡಕೆ ನಿಲ್ಲಿಸುವುದಿಲ್ಲ. ತಾನೇ ಪಡೆಯಬೇಕಾದವಳು, ಆದರೂ ಕೊಡುವವರ ಸಾಲಿನಲ್ಲಿ ನಿಲ್ಲುತ್ತಾಳೆ. ನೂರು ವರ್ಷದ ಹಿಂದೆ ಮೆದಕಿನಲ್ಲಿ ಕಲ್ಲು ಹೊತ್ತು ಉಂಡವರಿಂದ ಬಂದ ಬೆಳವಣಿಗೆ ಎಂದರೆ ನಮ್ಮ ಮಟ್ಟಿಗೆ ಆ ಅಜ್ಜಿಯ ಕೈ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಿದ್ದಾಗ ಎಲ್ಲ ಗುಡಿಗಳಂತೆ ನಮ್ಮವೂ ಮುಚ್ಚಿದವು. ಆ ವರ್ಷದ ಈಸ್ಟರ್ ಏಪ್ರಿಲ್ 12. ಪಾಸ್ಟರ್ ಇಲ್ಲ, ಗಂಟೆ ಇಲ್ಲ, ಸಾಲಾಗಿ ನಿಲ್ಲುವ ಕರ್ತನ ಭೋಜನ ಇಲ್ಲ. ಮನೆಮನೆಯಲ್ಲಿ ಹೆಂಗಸರು ಬೈಬಲ್ ತೆರೆದು ಓದಿದರು, ಓದು ಬಾರದವರು ಮಕ್ಕಳಿಂದ ಓದಿಸಿ ಪ್ರಾರ್ಥನೆ ನಡೆಸಿದರು. ಜೂನ್ 8ರಿಂದ ಬಾಗಿಲು ತೆರೆಯಲು ಅನುಮತಿ ಸಿಕ್ಕಿತು, ಎಲ್ಲರೂ ಹಳೆಯ ಜಾಗಗಳಿಗೆ ಮರಳಿದರು. ಮನೆಯಲ್ಲಿ ಪೀಠ ಹಿಡಿದಿದ್ದ ಹೆಂಗಸರನ್ನು ಗುಡಿಯಲ್ಲಿ ಮತ್ತೆ ಚಾಪೆಯ ಮೇಲೆ ಕೂರಿಸಿದೆವು. ಆ ಎರಡೂವರೆ ತಿಂಗಳು ಕಲಿಸಿದ್ದನ್ನು ಇಷ್ಟು ಬೇಗ ಮರೆತದ್ದು ದೊಡ್ಡ ನಷ್ಟ.

ತಾಂಡೂರಿಗೆ ಈ ವರ್ಷ ಮರೆಯಲಾಗದ ದಿನ ನವೆಂಬರ್ 3. ಬೆಳಗಿನ ಜಾವ ತಾಂಡೂರಿನಿಂದ ಹೈದರಾಬಾದಿಗೆ ಹೊರಟ ಸರ್ಕಾರಿ ಬಸ್ಸಿಗೆ ಚೇವೆಳ್ಳದ ಹತ್ತಿರ ಕಂಕರ್ ತುಂಬಿದ ಟಿಪ್ಪರ್ ಗುದ್ದಿತು. ಹತ್ತೊಂಬತ್ತು ಮಂದಿ ಸತ್ತರು. ಓದಲು ಹೊರಟ ಮಕ್ಕಳು, ಕೆಲಸಕ್ಕೆ ಹೊರಟವರು, ಕಂಕುಳಲ್ಲಿ ಕೂಸಿದ್ದವರು. ಆ ರಸ್ತೆ ಅಗಲವಾಗಬೇಕೆಂದು ಜನ ವರ್ಷಗಟ್ಟಲೆ ಕೇಳಿದ್ದರು. ಫರಸಿ ಕಲ್ಲು, ಸಿಮೆಂಟು, ತೊಗರಿ ಎಲ್ಲ ಹೊರಗೆ ಕಳಿಸುವ ಊರು ಇದು. ಕಲ್ಲಿನ ಗಣಿಯ ದೂಳು ಮಾತ್ರ ಇಲ್ಲಿನವರ ಎದೆಯಲ್ಲೇ ಉಳಿಯುತ್ತದೆ. ಇಂಥ ಸಾವಿನ ಮನೆಗೆ ಹೋದಾಗ ದೇವರ ಚಿತ್ತ ಎಂಬ ಮಾತು ನಮ್ಮ ಬಾಯಿಗೆ ತಟ್ಟನೆ ಬರುತ್ತದೆ. ಬರಬಾರದು. ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಬಾಯಿಬಿಡದೆ ಕೂತದ್ದೇ ಅವರು ಮಾಡಿದ ಒಳ್ಳೆಯ ಕೆಲಸ. ಕಾರಣ ಹೇಳಲು ಹೊರಟ ಮೇಲೆ ದೇವರೇ ಅವರ ಮೇಲೆ ಸಿಟ್ಟಾದ. ಮಿಷನರಿ ಇ. ಸ್ಟ್ಯಾನ್ಲಿ ಜೋನ್ಸ್ 1933ರಲ್ಲಿ ಕ್ರಿಸ್ತನನ್ನೂ ಮನುಷ್ಯನ ನೋವನ್ನೂ ಕುರಿತು ಪುಸ್ತಕ ಬರೆದರು. 1971ರಲ್ಲಿ, ಎಂಬತ್ತೇಳರ ಮುಪ್ಪಿನಲ್ಲಿ, ಪಾರ್ಶ್ವವಾಯು ಬಡಿದು ಮಾತೇ ತೊದಲಿದಾಗ, ಆ ತೊದಲು ಮಾತಿನಲ್ಲೇ ಇನ್ನೊಂದು ಪುಸ್ತಕ ಹೇಳಿ ಬರೆಸಿದರು. ನೋವನ್ನು ಉಪಯೋಗಿಸಿಕೊಳ್ಳಬಹುದು ಎಂದು ಅಂಥವರು ಹೇಳಿದರೆ ಕೇಳೋಣ. ಆದರೆ ಅದು ನೋವು ಉಂಡವರು ತಮ್ಮ ಬಗ್ಗೆ ಆಡಬಹುದಾದ ಮಾತು. ಪಕ್ಕದಲ್ಲಿ ನಿಂತವರು ಇನ್ನೊಬ್ಬರ ಹೆಣದ ಮುಂದೆ ಆಡುವ ಮಾತಲ್ಲ.

ಜಹೀರಾಬಾದಿನಿಂದ ಕಲಿಯಬೇಕಾದ ಒಂದು ಪಾಠ ಸಭೆಯ ಗೋಡೆಯ ಹೊರಗಿದೆ. ಮೈಸೂರಿನವರಾದ ಪಿ.ವಿ. ಸತೀಶ್ ಮತ್ತು ಗೆಳೆಯರು 1983ರಲ್ಲಿ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಹಳ್ಳಿಹಳ್ಳಿಯ ಬಡ ದಲಿತ ಹೆಂಗಸರ ಸಂಘಗಳು ಬೀಳುಬಿದ್ದ ಕೆಂಪು ನೆಲ ಹದ ಮಾಡಿ ಜೋಳ, ಸಜ್ಜೆ, ನವಣೆ, ಸಾಮೆ ಬೆಳೆದವು. ಬೀಜವನ್ನು ಬೂದಿ, ಬೇವಿನ ಎಲೆ ಬೆರೆಸಿ ಬುಟ್ಟಿಯಲ್ಲಿ ಕಾಪಾಡಿದವು, ಕೇಳಿದವರಿಗೆ ಕೊಟ್ಟವು. 2008ರಲ್ಲಿ ಮಾಚನೂರಿನಲ್ಲಿ ಆ ಹೆಂಗಸರೇ ನಡೆಸುವ ಸಂಘಂ ರೇಡಿಯೋ ಶುರುವಾಯಿತು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. 2023ರ ಮಾರ್ಚಿನಲ್ಲಿ ಸತೀಶ್ ತೀರಿಕೊಂಡರು, ಹೆಂಗಸರ ಕೆಲಸ ನಿಲ್ಲಲಿಲ್ಲ. ಇದು ಚರ್ಚಿನ ಕೆಲಸವಲ್ಲ. ಧರ್ಮ ಕೇಳದೆ ಕೂಡಿದ ಹೆಣ್ಣುಮಕ್ಕಳ ಕೆಲಸ. ಬರವನ್ನು ಸಹಿಸಿಕೊಳ್ಳುವುದರಲ್ಲೇ ನಿಂತುಬಿಡದೆ, ಮುಂದಿನ ಬರಕ್ಕೆ ಏನಿಟ್ಟುಕೊಳ್ಳಬೇಕೆಂದು ಕೂಡಿ ಕೂತು ಯೋಚಿಸುವುದನ್ನು ನಮ್ಮ ಸಭೆಗಳು ಇವರಿಂದ ಇನ್ನೂ ಕಲಿತಿಲ್ಲ. ಪಕ್ಕದ ಹೊಲದಲ್ಲಿ ದೇವರು ಮಾಡುವ ಕೆಲಸವನ್ನು ನೋಡಿ ಕಲಿಯುವ ದೀನತೆಯೂ ಆತ್ಮಿಕ ಬೆಳವಣಿಗೆಗೇ ಸೇರಿದ್ದು.

ಹೊಸ ವರ್ಷದ ಮೊದಲ ಭಾನುವಾರ ಮೆಥೊಡಿಸ್ಟ್ ಸಭೆಗಳಲ್ಲಿ ಒಡಂಬಡಿಕೆಯ ಆರಾಧನೆ ನಡೆಸುವ ವಾಡಿಕೆ ಇದೆ. ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ್ದು. ದುಡಿಯಲು ಕರೆದರೂ, ಸಂಕಟಕ್ಕೆ ಒಪ್ಪಿಸಿದರೂ ನಿನ್ನವರಾಗಿರುತ್ತೇವೆ ಎಂದು ಸಭೆ ದೇವರ ಮುಂದೆ ಮತ್ತೆ ಮಾತು ಕೊಡುವ ದಿನ. ಈ ಸಲ ಆ ಮಾತಿನ ಜೊತೆಗೆ ಪ್ರತಿ ಸಭೆಯೂ ಮೂರು ಕೆಲಸಕ್ಕೆ ಸಹಿ ಹಾಕಲಿ ಎಂದು ನಮ್ಮ ಕೋರಿಕೆ. ಕನ್ನಡದಲ್ಲಿ ಪ್ರಾರ್ಥಿಸುವ ಹಿರಿಯರ ಪ್ರಾರ್ಥನೆ, ಹಾಡುಗಳನ್ನು ಯುವಕರು ಮೊಬೈಲಿನಲ್ಲಿ ಧ್ವನಿಮುದ್ರಿಸಿಟ್ಟುಕೊಳ್ಳಲಿ, ಅವರು ಹೋದ ಮೇಲೆ ಸಿಗುವುದಿಲ್ಲ. ಜಾತಿ ಪ್ರಮಾಣಪತ್ರ, ಫೀಸು, ವಿದ್ಯಾರ್ಥಿವೇತನದ ತೊಡಕಿನಲ್ಲಿರುವ ಮನೆಗಳಿಗೆ ಓದಿದವರು, ವಕೀಲರು ಜೊತೆಗೆ ಹೋಗಿ ನಿಲ್ಲುವ ಒಂದು ಸಮಿತಿ ಆಗಲಿ. ಇನ್ನು ಕಬ್ಬಿನ ಗ್ಯಾಂಗುಗಳು ಮಾರ್ಚಿನವರೆಗೆ ಗದ್ದೆಗಳಲ್ಲೇ ಇರುತ್ತವೆ. ಯಾವ ಗ್ಯಾಂಗು ಎಲ್ಲಿದೆ ಎಂದು ಮನೆಯಲ್ಲಿ ಉಳಿದ ಅಜ್ಜಅಜ್ಜಿಯರಿಗೆ ಗೊತ್ತಿದೆ, ಬರೆದುಕೊಂಡರೆ ಸಾಕು. ಪಾಸ್ಟರ್ ಒಬ್ಬರು, ಔಷಧಿ ಡಬ್ಬಿಯೊಂದಿಗೆ ಒಬ್ಬ ನರ್ಸಮ್ಮ, ಊರಲ್ಲಿ ಬಿಟ್ಟ ಮಕ್ಕಳ ಪೈಕಿ ಬರಬಲ್ಲವರು ಕೂಡಿ ಜೀಪು ಮಾಡಿಕೊಂಡು ಅಲ್ಲಿಗೆ ಹೋಗಿ ಬರಲಿ. ಡೀಸೆಲ್ಲಿನ ಖರ್ಚಿಗೆ ಈ ಸಲದ ಸುಗ್ಗಿ ಹಬ್ಬದ ಸವಾಲಿನ ಹಣ ಸಾಕಾಗುತ್ತದೆ.